ಶೇಂಗಾಕ್ಕೆ ಸ್ಪ್ಯಾನಿಷ್‌ನಲ್ಲಿ ಮೂರು ಹೆಸರು

ನನ್ನ ಸ್ಪ್ಯಾನಿಷ್ ತರಗತಿಯಲ್ಲಿ ಹೋಟೆಲ್ ಪಾಠದ ದಿನ ನಾನೇ ವೇಟರ್. ಶೇಂಗಾ ಅಲರ್ಜಿ ಇದ್ದ ಒಬ್ಬ ವಿದ್ಯಾರ್ಥಿನಿ 'ಸಿನ್ ಕಕವೆತೆ' ಎಂದಳು. ಶೇಂಗಾ ಬೇಡ, ಅಷ್ಟೇ. ನಾನು ಮೇಲೆ ಉದುರಿಸಿದ್ದ ಬೀಜ ಆಯ್ದು ತೆಗೆದಂತೆ ನಟಿಸಿ, ಅದೇ ತಟ್ಟೆ ಅವಳ ಮುಂದಿಟ್ಟೆ. ಬೇಡ ಅಂದರೆ ಇಷ್ಟವಿಲ್ಲ ಅಂತಲೂ ಆಗುತ್ತದೆ, ಅಲ್ವಾ?

'ತೆಂಗೊ ಅಲೆರ್ಹಿಯಾ ಅಲ್ ಕಕವೆತೆ' ಎಂದರೆ ಆ ಅನುಮಾನ ಇರುವುದಿಲ್ಲ. 'ತೆಂಗೊ' ಎಂದರೆ 'ನನಗಿದೆ'. ತೆಂಗಿನಕಾಯಿ ನೆನೆಸಿಕೊಂಡರೆ ಮರೆಯುವುದಿಲ್ಲ. 'ಸೋಯ್ ಅಲೆರ್ಹಿಕೊ' ಎಂದೂ ಹೇಳಬಹುದು. ಆದರೆ ಹೆಂಗಸರು 'ಅಲೆರ್ಹಿಕಾ' ಅನ್ನಬೇಕು. ಹಸಿದು ಕೂತಾಗ ಆ ವ್ಯಾಕರಣದ ತಲೆನೋವು ಸುಮ್ನೆ ಯಾಕೆ?

ಇನ್ನು ಹೆಸರಿನ ವಿಚಾರ. 'ಕಕವೆತೆ' ಸ್ಪೇನಿನ ಮಾತು. ಮೆಕ್ಸಿಕೊದಲ್ಲಿ ಅದು 'ಕಕವಾತೆ'. ಪೆರು, ಅರ್ಜೆಂಟೀನಾ, ಕ್ಯೂಬಾದಲ್ಲಿ 'ಮನೀ'. ನಮ್ಮಲ್ಲಿ ಒಂದೂರಿನ ಕಡಲೆಕಾಯಿ ಇನ್ನೊಂದೂರಿನ ಶೇಂಗಾ ಆದ ಹಾಗೆ. ಗೋಡಂಬಿಯದು ಇನ್ನೂ ಫಜೀತಿ. ಸ್ಪೇನಿನಲ್ಲಿ 'ಅನಕಾರ್ದೊ', ಮೆಕ್ಸಿಕೊದಲ್ಲಿ 'ನುವೆಸ್ ದೆ ಲಾ ಇಂದಿಯಾ'. ಹೆಸರಲ್ಲಿ ಇಂಡಿಯಾ ಇದೆ, ಆದರೆ ಅದನ್ನು ಬ್ರೆಜಿಲ್‌ನಿಂದ ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು! ಬರೀ 'ನುವೆಸ್' ಅಂದರೆ ಸ್ಪೇನಿನವರಿಗೆ ಅಕ್ರೋಟು. ಅದನ್ನಷ್ಟೇ ಬಿಟ್ಟು ಗೋಡಂಬಿ ಹಾಕಿಕೊಟ್ಟರೆ ತಪ್ಪು ಅವರದ್ದಲ್ಲ.

ನನಗೆ ಜಾಸ್ತಿ ಭಯ ಚಟ್ನಿಯಂಥವುಗಳದ್ದು. ಮೆಕ್ಸಿಕೊದ 'ಸಾಲ್ಸಾ ಮಾಚಾ' ನೋಡಲು ನಮ್ಮ ಒಣಮೆಣಸಿನಕಾಯಿ ಚಟ್ನಿಯಂತೆಯೇ ಇರುತ್ತದೆ. ನಮ್ಮವರ ಕೈ ಮೊದಲು ಹೋಗುವುದೇ ಅಲ್ಲಿಗೆ. ಅದಕ್ಕೆ ಶೇಂಗಾ ಹಾಕುವುದು ಮಾಮೂಲು. 'ಮೋಲೆ' ಎಂಬ ಅಲ್ಲಿನ ಗಟ್ಟಿ ಗೊಜ್ಜಿನ ಹಲವು ಬಗೆಗಳಲ್ಲಿ ಶೇಂಗಾ, ಬಾದಾಮಿ, ಎಳ್ಳು ನುಣ್ಣಗೆ ಅರೆದಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕೇಳಿ: 'ಎಸ್ತೊ ಯೆವಾ ಕಕವಾತೆ?' ಇದಕ್ಕೆ ಶೇಂಗಾ ಹಾಕಿದ್ದೀರಾ?

ಸ್ಪೇನಿನಲ್ಲಿ ಸ್ವಲ್ಪ ನಿರಾಳ. ಐರೋಪ್ಯ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಹೋಟೆಲಿನವರೂ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. 'ಕಾರ್ತಾ ದೆ ಅಲೆರ್ಹೆನೊಸ್', ಅಂದರೆ ಅಲರ್ಜಿ ಪದಾರ್ಥಗಳ ಪಟ್ಟಿ, ಎಂದು ಕೇಳಿ.

ಎಲ್ಲೇ ಇರಲಿ, ವೇಟರ್ 'ಕ್ರೆಯೊ ಕೆ ನೊ' ಎಂದರೆ ಚಮಚ ಕೆಳಗಿಡಿ. 'ಇಲ್ಲ ಅನ್ಸುತ್ತೆ' ಎಂದಷ್ಟೇ ಅದರ ಅರ್ಥ. 'ಪುವೆದೆ ಪ್ರೆಗುಂತಾರ್ ಎನ್ ಲಾ ಕೊಸಿನಾ, ಪೊರ್ ಫವೊರ್?' ಎನ್ನಿ. ದಯವಿಟ್ಟು ಅಡುಗೆಮನೆಯಲ್ಲಿ ಕೇಳಿಕೊಂಡು ಬರ್ತೀರಾ?