ಚೊಲೊ ಬರೆದರೂ 24 ಅಂಕ: ಯಾರ ಬಾಗಿಲು ಬಡಿಯಬೇಕು?

ಪ್ರಶ್ನೆ: "ಸರ್, ಕೊಪ್ಪಳ ಜಿಲ್ಲಾದಾಗ ಬಿ.ಕಾಂ. ಓದಾಕತ್ತೀನಿ. ಅಕೌಂಟ್ಸ್ ಪೇಪರ್ ಚೊಲೊ ಬರದಿದ್ದೆ, 80ಕ್ಕ 24 ಬಂದಾವ. ಇಂಟರ್ನಲ್‌ನಾಗೂ ನನಗಿಂತ ಕಡಿಮಿ ಕ್ಲಾಸಿಗೆ ಬಂದವ್ರಿಗೆ ಜಾಸ್ತಿ ಹಾಕ್ಯಾರ. ಕಾಲೇಜಿನಾಗ ಕೇಳಿದ್ರ ಯುನಿವರ್ಸಿಟಿಗೆ ಹೋಗು ಅಂತಾರ, ಅಲ್ಲಿಗೆ ಫೋನ್ ಹಚ್ಚಿದ್ರ ಕಾಲೇಜಿನಾಗ ಕೇಳು ಅಂತಾರ. ಏನ್ ಮಾಡ್ಲಿ?"

ತಂಗಿ, ನಿನ್ನ ಒಂದು ದೂರಿನೊಳಗೆ ಎರಡು ದೂರು ಸೇರಿಕೊಂಡಿವೆ. ಅದಕ್ಕೇ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸುತ್ತಿದ್ದಾರೆ. 80ರ ಪರೀಕ್ಷೆ ಯುನಿವರ್ಸಿಟಿಯದು, ಇಂಟರ್ನಲ್ ಕಾಲೇಜಿನದು. ಎರಡಕ್ಕೂ ಬೇರೆ ಬೇರೆ ಅರ್ಜಿ ಬರಿ.

ಯಾವ ಯುನಿವರ್ಸಿಟಿ ಅನ್ನೋದನ್ನೂ ಹಾಲ್ ಟಿಕೆಟ್ ನೋಡಿ ಖಾತ್ರಿ ಮಾಡಿಕೊ. ಕೊಪ್ಪಳ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದಕ್ಕೂ ಮುಂಚೆ ಸೇರಿದವರದು ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ. ಅಣ್ಣನ ಹಳೇ ಅರ್ಜಿ ನೋಡಿ ವಿಳಾಸ ಬರೆದು ತಿಂಗಳು ಕಳೆದುಕೊಂಡವರಿದ್ದಾರೆ.

80ರ ವಿಷಯಕ್ಕೆ ಮೊದಲು ಬೇಕಾದದ್ದು ಉತ್ತರಪತ್ರಿಕೆಯ ಫೋಟೊಕಾಪಿ. ರಿಸಲ್ಟ್ ಬಂದ ಮೇಲೆ ಫೋಟೊಕಾಪಿ, ರೀಟೋಟಲಿಂಗ್, ರೀವ್ಯಾಲ್ಯುಯೇಶನ್‌ಗೆ ಪ್ರಕಟಣೆ ಹೊರಡುತ್ತದೆ. ಕೊನೆ ದಿನ, ಫೀ ಎಲ್ಲಾ ಅದರಲ್ಲೇ ಇರುತ್ತವೆ. ಯುಯುಸಿಎಂಎಸ್ (ಯುನಿವರ್ಸಿಟಿ, ಕಾಲೇಜುಗಳ ಕೆಲಸಕ್ಕೆ ಸರ್ಕಾರ ಮಾಡಿರುವ ವೆಬ್ ಪೋರ್ಟಲ್) ಲಾಗಿನ್‌ನಿಂದಲೇ ಅರ್ಜಿ ಹಾಕಬಹುದು. ಸಿಗುವ ದಿನಗಳು ಸ್ವಲ್ಪವೇ, ಅಷ್ಟರಲ್ಲಿ ಸಿಟ್ಟು ಮಾಡಿಕೊಂಡು ಕೂತರೆ ಗಡುವು ಮುಗಿಯುತ್ತದೆ.

ಕಾಪಿ ಕೈಗೆ ಬಂದ ಮೇಲೆ ಪೆನ್ಸಿಲ್ ಹಿಡಿದು ಕೂಡು. ಒಳಗಿನ ಪುಟಗಳಲ್ಲಿ ಹಾಕಿದ ಅಂಕ ಒಂದೊಂದೂ ಮೊದಲ ಪುಟದ ಕೋಷ್ಟಕಕ್ಕೆ ಬಂದಿದೆಯಾ ನೋಡು. ನಾನು ವ್ಯಾಲ್ಯುಯೇಶನ್‌ಗೆ ಹೋಗುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನ ಪತ್ರಿಕೆಯಲ್ಲಿ 4ಬಿ ಪ್ರಶ್ನೆಗೆ ಹಾಕಿದ್ದ 7 ಅಂಕ ಒಳಗೇ ಉಳಿದಿತ್ತು, ಕೋಷ್ಟಕದಲ್ಲಿ ಆ ಮನೆ ಖಾಲಿ. ಇನ್ನೊಂದರಲ್ಲಿ ವರ್ಕಿಂಗ್ ನೋಟ್ (ಲೆಕ್ಕ ಬಿಡಿಸಿದ ವಿವರ) ಕೊನೇ ಪುಟದಲ್ಲಿತ್ತು. ಅಲ್ಲಿ ಕೆಂಪು ಗೀಟೂ ಇರಲಿಲ್ಲ, ಅಂಕವೂ ಇರಲಿಲ್ಲ, ತಿರುವಿಯೇ ನೋಡಿಲ್ಲ ಅನ್ನೋದು ಗೊತ್ತಾಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲಿನ ಬಂಡಲ್‌ಗಳಲ್ಲಿ ಇಂಥವು ಹೆಚ್ಚು. ನಾನೂ ಮಾಡಿರಬಹುದು.

ಕೂಡಿಸಿದ್ದು ತಪ್ಪಿದ್ದರೆ ರೀಟೋಟಲಿಂಗ್ ಸಾಕು. ಉತ್ತರ ನೋಡದೇ ಬಿಟ್ಟಿದ್ದರೆ, ಸರಿ ಇದ್ದದ್ದಕ್ಕೆ ಸೊನ್ನೆ ಹಾಕಿದ್ದರೆ ರೀವ್ಯಾಲ್ಯುಯೇಶನ್. ನಿನ್ನ ವಿಷಯದ ಮೇಷ್ಟ್ರಿಗೆ ಕಾಪಿ ತೋರಿಸಿ, "ಇದಕ್ಕ ಎಷ್ಟು ಹಾಕ್ತಿದ್ರಿ ಸರ್?" ಅಂತ ಕೇಳು. ಅವರೂ 26 ಅಂದರೆ ದುಡ್ಡು ಉಳಿಸು.

ಫೋಟೊಕಾಪಿಯ ಗಡುವು ಮುಗಿದಿದ್ದರೆ ಮಾಹಿತಿ ಹಕ್ಕು ಇದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆ ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಯುನಿವರ್ಸಿಟಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಕಳಿಸು. 30 ದಿನದೊಳಗೆ ಉತ್ತರ ಕೊಡಬೇಕು. ಪೇಪರ್ ನೋಡಿದವರ ಹೆಸರು ಮಾತ್ರ ಕೇಳಬೇಡ, ಕೊಡುವುದಿಲ್ಲ. ಉತ್ತರಪತ್ರಿಕೆಗಳನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ, ತಡ ಮಾಡಬೇಡ.

ಇನ್ನು ಇಂಟರ್ನಲ್. ಇದು ಕಷ್ಟದ್ದು, ಯಾಕೆಂದರೆ ಇಲ್ಲಿ ಸರ್ ಮುಖ ದಿನಾ ನೋಡಬೇಕು. "ಅವಳಿಗೆ ಜಾಸ್ತಿ, ನನಗೆ ಕಡಿಮೆ" ಅಂತ ಬರೆದರೆ ಅದು ಜಗಳವಾಗುತ್ತದೆ. ಟೆಸ್ಟಿಗೆ ಎಷ್ಟು, ಅಸೈನ್‌ಮೆಂಟ್‌ಗೆ ಎಷ್ಟು ಬಿಡಿಸಿ ತೋರಿಸಿ ಅಂತ ಮೊದಲು ವಿಭಾಗದ ಮುಖ್ಯಸ್ಥರಿಗೆ ಕೇಳು, ಆಮೇಲೆ ಪ್ರಿನ್ಸಿಪಾಲರಿಗೆ ಬರಿ. ನೀನು ಅಸೈನ್‌ಮೆಂಟ್ ಕೊಟ್ಟ ತಾರೀಖು, ಟೆಸ್ಟ್ ಪೇಪರ್ ಫೋಟೊ ಲಗತ್ತಿಸು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆಫೀಸಿನ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಹೊರಗೆ ಬಾ. "ಇಟ್ಟು ಹೋಗವಾ, ಸರ್ ಬಂದ್ಮ್ಯಾಲೆ ಕೊಡ್ತೀನಿ" ಅಂದರೆ ಸರ್ ಬರೋತನಕ ಕೂಡು.

ಅಲ್ಲೂ ಆಗದಿದ್ದರೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. 2023ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಇಂಥ ಸಮಿತಿ ಇರಲೇಬೇಕು, ಅನ್ಯಾಯದ ಮೌಲ್ಯಮಾಪನವೂ ಅದರ ವ್ಯಾಪ್ತಿಗೆ ಬರುತ್ತದೆ. ದೂರು ತಲುಪಿದ ಮೇಲೆ ಆದಷ್ಟೂ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಯಾದ ಯುನಿವರ್ಸಿಟಿಯ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಬರೀ "ಮತ್ತೊಮ್ಮೆ ಅಂಕ ಹಾಕಿ" ಅನ್ನೋ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ಇಂಥದ್ದೇ ಲೋಪ ಅಥವಾ ತಾರತಮ್ಯವನ್ನು ತೋರಿಸಬೇಕು. ಆ ಖಾಲಿ ಬಿಟ್ಟ 4ಬಿ ಮನೆಯಂಥದ್ದು.

ಹೈಕೋರ್ಟ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೊಪ್ಪಳ, ಬಳ್ಳಾರಿಗೆ ಧಾರವಾಡ ಪೀಠ, ರಾಯಚೂರಿಗೆ ಕಲಬುರಗಿ. ಆದರೆ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಕೋರ್ಟುಗಳು ಸುಲಭಕ್ಕೆ ಕೈ ಹಾಕುವುದಿಲ್ಲ. ಒಂದು ಪೇಪರಿಗಾಗಿ ಅಷ್ಟು ದೂರ ಹೋಗು ಅಂತ ನಾನಂತೂ ಹೇಳಲಾರೆ.

ಇನ್ನೊಂದು. ರೀವ್ಯಾಲ್ಯುಯೇಶನ್ ರಿಸಲ್ಟ್ ಬರುವುದರೊಳಗೆ ಮುಂದಿನ ಪರೀಕ್ಷೆಯ ಫೀ ಕಟ್ಟುವ ಕೊನೇ ದಿನ ಬಂದರೆ, ಅಕೌಂಟ್ಸಿಗೂ ಸೇರಿಸಿ ಕಟ್ಟಿಬಿಡು.