ಮೆದುಳಿನ ಜತೆ ಕೊಡಬೇಕಾದ ನೆನಪು

ತೀರಿಹೋದವರ ಮೆದುಳನ್ನು ಸಂಶೋಧನೆಗೆ ಕೊಟ್ಟ ಮನೆಯವರಿಗೆ, ಅದನ್ನು ಪಡೆದು ಕಾಪಾಡುವ ಮೆದುಳು ಬ್ಯಾಂಕಿನವರ ಪ್ರಶ್ನೆಗಳು ವಿಚಿತ್ರ ಅನ್ನಿಸಬಹುದು. ದಿನವೂ ಓಡಾಡುವ ದಾರಿ ಅವರಿಗೆ ಮೊದಲ ಸಲ ತಪ್ಪಿದ್ದು ಯಾವಾಗ? ವಾಸನೆ ಸರಿಯಾಗಿ ಗೊತ್ತಾಗುತ್ತಿತ್ತಾ? ನಿದ್ದೆಯಲ್ಲಿ ಕೈಕಾಲು ಬಡಿಯುತ್ತಿದ್ದರಾ? ದುಃಖದ ಹೊತ್ತಿನಲ್ಲಿ ಇದೆಲ್ಲ ಯಾಕೆ ಎನ್ನಿಸುವುದು ಸಹಜ. ಆದರೆ ಈ ನೆನಪುಗಳು ಸಿಗದಿದ್ದರೆ ದಾನ ಅರ್ಧಕ್ಕೇ ನಿಂತಂತೆ ಎಂದು ನನಗೆ ಅನ್ನಿಸುತ್ತದೆ.

ಮೆದುಳು ತೆಗೆಯುವುದು ಅವಸರದ ಕೆಲಸ. ಸಾಧ್ಯವಾದರೆ ಸಾವಿನ ನಂತರ 24 ಗಂಟೆಯೊಳಗೆ ಮುಗಿಯಬೇಕು. ತಡವಾದಷ್ಟೂ ಜೀವಕೋಶಗಳೊಳಗಿನ ಆರ್‌ಎನ್‌ಎ, ಪ್ರೋಟೀನುಗಳು ಕೆಡುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಅರ್ಧ ಮೆದುಳನ್ನು ಕೆಲವು ವಾರ ಫಾರ್ಮಲಿನ್ ಎಂಬ, ಕೊಳೆಯದಂತೆ ಕಾಪಾಡುವ ದ್ರವದಲ್ಲಿ ಇಡುತ್ತಾರೆ. ಮೆತ್ತಗಿದ್ದದ್ದು ಗಟ್ಟಿಯಾಗಿ ತೆಳ್ಳಗೆ ಕೊಯ್ಯಲು ಬರುತ್ತದೆ. ಇನ್ನರ್ಧ ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಹೋಗುತ್ತದೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಸಂಸ್ಕಾರಕ್ಕೂ ಅಡ್ಡಿಯಿಲ್ಲ. ಮನೆಯವರಿಗೆ ಮೊದಲು ಬೇಕಾದ ಉತ್ತರ ಇದೇ ಅಲ್ವಾ?

ಇದರಿಂದ ಏನು ಸಿಗುತ್ತದೆ? ಕೈ ನಡುಗಿಸುವ, ನಡಿಗೆ ನಿಧಾನ ಮಾಡುವ ಪಾರ್ಕಿನ್ಸನ್ ಕಾಯಿಲೆಯನ್ನೇ ನೋಡಿ. 1960ರಲ್ಲಿ ವಿಯೆನ್ನಾದ ಸಂಶೋಧಕರಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಕ್ಜ್, ಈ ಕಾಯಿಲೆಯಿಂದ ತೀರಿಕೊಂಡವರ ಮೆದುಳನ್ನು ಬೇರೆಯವರ ಮೆದುಳಿನ ಜತೆ ಹೋಲಿಸಿದರು. ಚಲನೆಗೆ ಮುಖ್ಯವಾದ ಒಂದು ಭಾಗದಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ ತೀರಾ ಕಡಿಮೆಯಾಗಿತ್ತು. ಮರುವರ್ಷವೇ ರೋಗಿಗಳಿಗೆ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಕೊಟ್ಟು ನೋಡಲಾಯಿತು. ಇವತ್ತಿಗೂ ಈ ಕಾಯಿಲೆಗೆ ಮುಖ್ಯ ಔಷಧಿ ಅದೇ. ಹೋಲಿಸುವುದಕ್ಕೆ ಕಾಯಿಲೆ ಇಲ್ಲದ ಮೆದುಳೂ ಬೇಕಿತ್ತು ಎನ್ನುವುದನ್ನು ಗಮನಿಸಿ. "ಅವರಿಗೇನೂ ಆಗಿರಲಿಲ್ಲ, ಅವರದ್ದು ಯಾಕೆ?" ಎಂದು ಕೇಳುವವರಿಗೆ ಇದೇ ಉತ್ತರ.

ಇನ್ನು ನೆನಪಿನ ವಿಷಯ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕ 1986ರಲ್ಲಿ ಶುರುಮಾಡಿದ ಅಧ್ಯಯನಕ್ಕೆ 678 ಕ್ರೈಸ್ತ ಸನ್ಯಾಸಿನಿಯರು ಸೇರಿದರು. ಸತ್ತ ಮೇಲೆ ಮೆದುಳು ಕೊಡಲು ಎಲ್ಲರೂ ಒಪ್ಪಿದ್ದರು. ಕೆಲವರ ಮೆದುಳಿನಲ್ಲಿ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು. ಆದರೆ ಬದುಕಿದ್ದಾಗ ಅವರ ನೆನಪು ಚೆನ್ನಾಗಿಯೇ ಇತ್ತು! ಬರೀ ಮೆದುಳನ್ನು ನೋಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಲ್ಲಿ ಹಲವರು ಹರೆಯದಲ್ಲಿ, ಮಠ ಸೇರುವಾಗ ಬರೆದ ಪುಟ್ಟ ಆತ್ಮಕತೆಗಳೂ ಸಂಶೋಧಕರ ಕೈಗೆ ಸಿಕ್ಕವು. ಒಂದೊಂದು ವಾಕ್ಯದಲ್ಲೂ ಜಾಸ್ತಿ ವಿಚಾರ ತುಂಬಿ ಬರೆದವರಿಗೆ ಮುಂದೆ ಆಲ್‌ಝೈಮರ್ ಕಡಿಮೆ ಕಂಡಿತ್ತು. ಹಾಗಂತ ಚೆನ್ನಾಗಿ ಬರೆದರೆ ಕಾಯಿಲೆ ಬರುವುದಿಲ್ಲ ಎಂದಲ್ಲ. ಒಟ್ಟಿಗೆ ಕಂಡುಬಂದದ್ದು ಕಾರಣವೇ ಆಗಬೇಕಿಲ್ಲ.

ಕೆಲವು ತಿಂಗಳ ಮೇಲೆ ಹಲವು ಬ್ಯಾಂಕ್‌ಗಳು ಮನೆಯವರು ಕೇಳಿದರೆ ಮೆದುಳಿನಲ್ಲಿ ಏನು ಕಂಡಿತೆಂಬ ವರದಿ ಕೊಡುತ್ತವೆ. ಡಾಕ್ಟರು ಆಲ್‌ಝೈಮರ್ ಎಂದಿದ್ದರೂ ಅದರ ಜತೆ ಇನ್ನೊಂದು ಕಾಯಿಲೆಯೂ ಇದ್ದದ್ದು ಎಷ್ಟೋ ಸಲ ಆಗ ಬಯಲಾಗುತ್ತದೆ. ಮೆದುಳಿನ ಕೋಶಗಳಲ್ಲಿ ಒಂದು ಬಗೆಯ ಪ್ರೋಟೀನು ಗಂಟುಗಟ್ಟುವ ಲ್ಯೂಯಿ ಬಾಡಿ ಕಾಯಿಲೆ ಇದ್ದ ಹಲವರು, ಅಲ್ಲಿ ಇಲ್ಲದ ಜನರನ್ನು ಕಾಣುತ್ತಾರೆ. ನಿದ್ದೆಯಲ್ಲಿ ಒದೆಯುವುದು ಅದಕ್ಕಿಂತ ವರ್ಷಗಳ ಮೊದಲೇ ಶುರುವಾಗಿರಬಹುದು. ಮೆದುಳಿನ ಮುಂಭಾಗ ಸವೆದವರು ನಾಚಿಕೆ ಬಿಟ್ಟು ಮಾತಾಡುತ್ತಾರೆ, ಹೆಂಡತಿ ಅತ್ತರೂ ಸುಮ್ನೆ ನೋಡುತ್ತಾ ಕೂರುತ್ತಾರೆ. ಮನೆಯವರು ಅದನ್ನು ಸೊಕ್ಕು, ಪ್ರೀತಿ ಹೋಯಿತು ಎಂದುಕೊಂಡು ವರ್ಷಗಟ್ಟಲೆ ನೊಂದಿರುತ್ತಾರೆ. ಅಂಥವರಿಗೆ ಆ ಕಾಗದ ದೊಡ್ಡ ಬಿಡುಗಡೆ. ಯಾವ ಮಾತು ಕಾಯಿಲೆಯದು, ಯಾವುದು ಆ ಮನುಷ್ಯನದು ಎಂದು ಬಿಡಿಸಿ ಹೇಳುವಷ್ಟು ಶಕ್ತಿ ಮಾತ್ರ ಅದಕ್ಕಿಲ್ಲ.

ಒಪ್ಪಿಗೆಗೆ ಸಹಿ ಹಾಕುವಾಗಲೇ ಮನೆಯವರೆಲ್ಲ ಕೂತು ಇನ್ನೊಂದು ವಿಷಯ ಮಾತಾಡುವುದು ಒಳ್ಳೆಯದು. ವರದಿಯಲ್ಲಿ ವಂಶಪಾರಂಪರ್ಯವಾಗಿ ಬರುವ ಕಾಯಿಲೆಯ ಸುಳಿವೂ ಸಿಗಬಹುದು. ಒಬ್ಬ ಮಗಳಿಗೆ ಅದು ಬೇಕು, ಇನ್ನೊಬ್ಬಳಿಗೆ ಬೇಡ ಎಂದಾದರೆ ಆ ಲಕೋಟೆ ಯಾರ ಕೈಗೆ ಹೋಗಬೇಕು?