ಒಟ್ಟಿಗೆ ಹಾಡುವಾಗ ಉಸಿರಿಗೆ ಏನಾಗುತ್ತದೆ?

ಹಾಡುವುದೆಂದರೆ ನಿಧಾನವಾಗಿ ಉಸಿರು ಬಿಡುವ ಕೆಲಸ. ಸುಮ್ಮನೆ ಕುಳಿತವರು ನಿಮಿಷಕ್ಕೆ 12ರಿಂದ 16 ಸಲ ಉಸಿರಾಡುತ್ತಾರೆ. ಹಾಡುವವರು ಬೇಗ ಉಸಿರೆಳೆದುಕೊಂಡು, ಸಾಲು ಮುಗಿಯುವ ತನಕ ಅದನ್ನು ಸ್ವಲ್ಪಸ್ವಲ್ಪವೇ ಖರ್ಚು ಮಾಡಬೇಕು. ಉಸಿರು ಒಳಹೋಗುವಾಗ ಹೃದಯ ತುಸು ಚುರುಕಾಗುತ್ತದೆ; ಹೊರಬರುವಾಗ ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಅದನ್ನು ನಿಧಾನಗೊಳಿಸುತ್ತದೆ. ಹಾಗಾಗಿ ಸಾಲಿನ ಕೊನೆಯಲ್ಲಿ ಎಲ್ಲರೂ ಒಮ್ಮೆಲೇ ಉಸಿರೆಳೆದರೆ ಅವರ ನಾಡಿಯೂ ಜೊತೆಜೊತೆಗೇ ಏರಿಳಿಯತೊಡಗುತ್ತದೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದು ತೋರಿಸಿದರು.

ಇಟಲಿಯ ಲುಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಜಪಮಾಲೆ ಹಿಡಿದು ಮಾಡುವ ಕ್ರೈಸ್ತ ಪ್ರಾರ್ಥನೆ, ಬೌದ್ಧರ ಮಂತ್ರ ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರಗಳ ಪ್ರತಿಕ್ರಿಯೆ ಆ ಲಯದಲ್ಲಿ ಚುರುಕಾಯಿತು. ನಮ್ಮ ಭಜನೆಯ 8 ಮಾತ್ರೆಯ ತಾಳದಲ್ಲಿ ಈ ಲಯ ಹಿಡಿಯುವುದು ಸುಲಭ. ನಿಮಿಷಕ್ಕೆ 48 ಮಾತ್ರೆಯ ನಡೆಯಲ್ಲಿ ಒಂದು ಆವರ್ತಕ್ಕೆ 10 ಸೆಕೆಂಡು ಬೇಕು. 7 ಮಾತ್ರೆ ಹಾಡಿ, ಎಂಟನೆಯದರಲ್ಲಿ ಉಸಿರೆಳೆದುಕೊಂಡರೆ ನಿಮಿಷಕ್ಕೆ ಸರಿಯಾಗಿ 6 ಉಸಿರು. ತಪ್ಪುವುದು ವೇಗದಲ್ಲಿ. ಮೂರನೇ ನುಡಿಗೆ ಬರುವಷ್ಟರಲ್ಲಿ ಗುಂಪು ಓಡತೊಡಗುತ್ತದೆ, ಉಸಿರು ಮೇಲುಮೇಲಿನದಾಗುತ್ತದೆ. ತಬಲಾದವರು ಬಿಗಿಹಿಡಿಯಬೇಕು. ದ್ರುತದ ಖುಷಿ ಬೇಡವೆಂದಲ್ಲ, ಅದು ಕೊನೆಯ ಹಾಡಿಗಿರಲಿ.

ಗೆಳೆತನದ ಮಾತಿಗೆ ಬಂದರೆ, ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಅವರ ತಂಡ 2015ರಲ್ಲಿ ಪ್ರಕಟಿಸಿದ್ದು ಗಮನಿಸಬೇಕಾದ ಕೆಲಸ. ಹಾಡಿನ ತರಗತಿ, ಕರಕುಶಲ ತರಗತಿ, ಬರವಣಿಗೆ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು 7 ತಿಂಗಳು ಗಮನಿಸಿದರು. ಕೊನೆಗೆ ಎಲ್ಲ ಗುಂಪುಗಳಲ್ಲೂ ಒಂದೇ ಮಟ್ಟದ ಆಪ್ತತೆ ಬೆಳೆದಿತ್ತು. ಹಾಡುವವರಲ್ಲಿ ಮಾತ್ರ ಅದು ಬೇಗ ಬಂದಿತ್ತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಎಷ್ಟು ಬಿಗಿತ ತಡೆಯಬಲ್ಲರೆಂದು ಹಾಡುವ ಮೊದಲು, ಹಾಡಿದ ಮೇಲೆ ನೋಡಿದರು. ಹಾಡಿದ ಮೇಲೆ ತಡೆಯುವ ಶಕ್ತಿ ಹೆಚ್ಚಿತ್ತು. ನೋವು ತಗ್ಗಿಸುವ ಮೆದುಳಿನ ರಾಸಾಯನಿಕ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕೆಂಬುದು ಅವರ ಊಹೆ.

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆ "ಯಾವೂರು, ಯಾರ ಪೈಕಿ?" ದುರ್ಗದಿಂದ ಮದುವೆಯಾಗಿ ದಾವಣಗೆರೆಗೆ ಬಂದ ಹೆಣ್ಣುಮಗಳಿಗೆ, ಜೊತೆಗಾರರನ್ನು ಕಳೆದುಕೊಂಡ ಹಿರಿಯರಿಗೆ ಆ ಪ್ರಶ್ನೆಗಳೇ ಭಾರ. ಹಾಡಿನ ಗುಂಪಿನಲ್ಲಿ ದನಿ ಮೊದಲು ಸೇರುತ್ತದೆ, ವಿಚಾರಣೆ ಆಮೇಲೆ. ಸೋಬಾನೆಯ ರೀತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಹೇಳಿದರಾಯಿತು. ಪದ ಬಾರದವರೂ ಮೊದಲ ದಿನವೇ ಹಾಡಬಹುದು, ನಡುನಡುವೆ ಉಸಿರಿಗೂ ಬಿಡುವು.

ವಾರಕ್ಕೊಮ್ಮೆ, ಒಂದೂಕಾಲು ಗಂಟೆ, 12ರಿಂದ 25 ಜನ ಸಾಕು. ಎಲ್ಲಕ್ಕಿಂತ ಹೆಚ್ಚು ಗುಂಪು ಕೆಡುವುದು ಶ್ರುತಿಯಲ್ಲಿ. ಗಂಡಸರ ಅನುಕೂಲಕ್ಕೆ ಹಾರ್ಮೋನಿಯಂನ ಬಿಳಿ ಒಂದನ್ನು (ಸಪ್ತಕದ ಮೊದಲ ಬಿಳಿ ಮನೆ) ಹಿಡಿದರೆ ಹೆಂಗಸರು ಕೆಳಗೆ ದನಿ ಸಿಗದೆ ತಡವರಿಸುತ್ತಾರೆ, ಇಲ್ಲವೇ ಮೇಲಿನ ಸ್ಥಾಯಿಯಲ್ಲಿ ಕಿರುಚಬೇಕಾಗುತ್ತದೆ. ಬಿಳಿ ಆರನ್ನು ಷಡ್ಜ, ಅಂದರೆ 'ಸ' ಮಾಡಿಕೊಳ್ಳಿ. ಹೆಂಗಸರ ಷಡ್ಜ ಸುಮಾರು 220 ಹರ್ಟ್ಸ್‌ನಲ್ಲಿ, ಗಂಡಸರದು ಅದರ ಅರ್ಧ 110ರಲ್ಲಿ ಬೀಳುತ್ತದೆ. ಒಂದು ಸ್ಥಾಯಿ ಅಂತರವಾದ್ದರಿಂದ ಎರಡೂ ಒಂದೇ ಸ್ವರವಾಗಿ ಬೆರೆಯುತ್ತವೆ. ಷಡ್ಜಕ್ಕಿಂತ ಕೆಳಗೆ, ಮಂದ್ರಕ್ಕೆ ಇಳಿಯುವ ಹಾಡುಗಳು ಮಾತ್ರ ಈ ಶ್ರುತಿಗೆ ಹೊಂದುವುದಿಲ್ಲ, ಗಂಡಸರ ದನಿ ಸತ್ತುಹೋಗುತ್ತದೆ.

ಮೈಕ್ ಬೇಡವೇ ಬೇಡ. ಸುತ್ತ ಸದ್ದು ಹೆಚ್ಚಿದಷ್ಟೂ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲೇ ತೋರಿಸಿದ್ದರು. ಸ್ಪೀಕರ್ ಅಬ್ಬರಕ್ಕೆ ಗಂಟಲು ಒಡೆಯುತ್ತದೆ, ಪಕ್ಕದವರ ದನಿಯೂ ಕೇಳಿಸುವುದಿಲ್ಲ. ಅರ್ಧಚಂದ್ರಾಕಾರವಾಗಿ ಕುಳಿತುಕೊಳ್ಳಿ. ಕಿಟಕಿ ತೆರೆದಿಡಿ: 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಸಂಜೆಯ ಗಾಯನ ಅಭ್ಯಾಸಕ್ಕೆ ಸೇರಿದ್ದ 61 ಜನರಲ್ಲಿ 53 ಮಂದಿಗೆ ಕೋವಿಡ್ ತಗುಲಿತ್ತು, ಇಬ್ಬರು ತೀರಿಕೊಂಡರು. ಜ್ವರ, ಕೆಮ್ಮು ಇದ್ದವರು ಆ ವಾರ ಮನೆಯಲ್ಲೇ ಇರಲಿ.

ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಸ್ವರತಂತುಗಳನ್ನು ನೇರವಾಗಿ ತಾಗುವುದಿಲ್ಲ. ಆದ್ದರಿಂದ ನಮ್ಮ ಒಣ ಬೇಸಿಗೆಯಲ್ಲಿ ಹಾಡುವ ಹೊತ್ತಿಗಲ್ಲ, ದಿನವಿಡೀ ನೀರು ಕುಡಿದಿರಬೇಕು. ಮಂಡಕ್ಕಿ-ಮೆಣಸಿನಕಾಯಿ ಹಾಡು ಮುಗಿದ ಮೇಲೆ. ಹೊಟ್ಟೆ ತುಂಬಿದ್ದರೆ ವಪೆ (ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆ) ಕೆಳಗಿಳಿಯದು, ಹುಳಿತೇಗು ಗಂಟಲು ಸುಡುತ್ತದೆ. ಮುಗಿದ ಮೇಲಿನ ಆ ಅರ್ಧ ಗಂಟೆಯನ್ನು ಮಾತ್ರ ಬಿಡಬೇಡಿ. ಹಾಡು ತೆರೆದ ಬಾಗಿಲಲ್ಲಿ ಮಾತು ಒಳಬರುವುದು ಆಗಲೇ.

ಕಾಯಿಲೆಯ ವಿಷಯದಲ್ಲಿ ಎಚ್ಚರ ಬೇಕು. ಬಾಣಂತಿತನದ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, 10 ವಾರ ಗುಂಪಿನಲ್ಲಿ ಹಾಡಿದವರ ಪೈಕಿ ಲಕ್ಷಣ ಹೆಚ್ಚಿದ್ದವರು ಸಾಮಾನ್ಯ ಆರೈಕೆ ಪಡೆದವರಿಗಿಂತ ಬೇಗ ಚೇತರಿಸಿಕೊಂಡರು. ಮಾತ್ರೆ ಬಿಡಬಹುದೆಂದು ಇದರ ಅರ್ಥವಲ್ಲ. ದಮ್ಮು ಇರುವವರು ವೈದ್ಯರನ್ನು ಕೇಳಿಯೇ ಸೇರಲಿ, ಕುಳಿತೇ ಹಾಡಲಿ.

"ನನಗೆ ಶ್ರುತಿ ಸೇರಲ್ಲ" ಎಂದು ಹಿಂಜರಿಯುವವರನ್ನು ಹಿಂದಿನ ಸಾಲಿಗೆ ತಳ್ಳಬೇಡಿ. ಅವರದೇ ಸ್ಥಾಯಿಯಲ್ಲಿ ಗಟ್ಟಿಯಾಗಿ ನಿಲ್ಲುವ ಇಬ್ಬರ ನಡುವೆ ಕೂರಿಸಿ. ಅವರು ಹಿಡಿದ ಸ್ವರಕ್ಕೇ ಮೊದಲು ನೀವು ಸೇರಿ, ಅಲ್ಲಿಂದ ಮೆಲ್ಲಗೆ ಷಡ್ಜಕ್ಕೆ ಕರೆದುಕೊಂಡು ಬನ್ನಿ. ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಅವರ ಕೈಗೆ ತಾಳ ಕೊಡಿ.